ಸೆಗಾವಾ ಸಾನ್ ಆಡದ ಮಾತು

ಆ ಮಾತನ್ನು ಕೋಚ್ ಹೇಳಲಿಲ್ಲ, ಅಶ್ವಿನಿ. ನಾನು ಹೇಳಿದೆ.

"ಒಂದೇ ಮ್ಯಾಚ್, ಆಡಿಬಿಡು, ಆಮೇಲೆ ರೆಸ್ಟ್ ತಗೋ ಅಂತಿದ್ದಾರೆ" — ಫೈನಲ್ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ, ಮೈದಾನದ ಪಕ್ಕದ ಸಿಮೆಂಟ್ ಮೆಟ್ಟಿಲ ಮೇಲೆ, ಹದಿನಾಲ್ಕು ವರ್ಷದ ನೀನು ನನ್ನ ಬಾಯಿಂದ ಕೇಳಿದ ಮಾತು. ಸೆಗಾವಾ ಸಾನ್ ಜಪಾನಿ ಭಾಷೆಯಲ್ಲಿ ಅಂದದ್ದನ್ನು ಆಂಟಿ ಕನ್ನಡದಲ್ಲಿ ಹೇಳುತ್ತಿದ್ದಾರೆ ಎಂದು ನೀನು ನಂಬಿದೆ. ಅವರು ಅಂದದ್ದು ಅದಲ್ಲ. ನೀನು ಅವರಿಗೆ ಹೇಳು ಅಂದದ್ದನ್ನೂ ನಾನು ಅವರಿಗೆ ಹೇಳಲಿಲ್ಲ. ನಿಮ್ಮಿಬ್ಬರ ನಡುವೆ ಇದ್ದವಳು ನಾನೊಬ್ಬಳೇ. ಎರಡೂ ಕಡೆಗೆ ಸುಳ್ಳು ಹೇಳಿದೆ.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಬರೆದು ನೋಡಿದರೆ ಒಂದು ಪುಟವೂ ಆಗಲಿಲ್ಲ — ಇಷ್ಟು ಚಿಕ್ಕದನ್ನೇ ನಾನು ಹೊತ್ತುಕೊಂಡು ಓಡಾಡಿದ್ದು. ಉಳಿದದ್ದನ್ನೂ ಬರೆಯುತ್ತೇನೆ. ಮುಂದೊಂದು ದಿನ ನಿನ್ನ ಮಗಳು ಇದನ್ನು ಓದಿಸಿ ಕೇಳಬಹುದು, ಅವಳಿಗೆ ನಮ್ಮ ಆಗಿನ ದಿನಗಳು ಗೊತ್ತಿಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡದೆ ಹೇಳುತ್ತೇನೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಸಿಂಗಾಪುರದ ಪಾಸಿರ್ ರಿಸ್‌ನಲ್ಲಿ ನಮ್ಮದು ಏಳನೇ ಮಹಡಿ, ನಿಮ್ಮದು ಅದೇ ಬ್ಲಾಕಿನ ಮೂರನೇ ಮಹಡಿ. ನಾನು ಉಡುಪಿಯವಳು, ನಿನ್ನ ಅಮ್ಮ ಗೀತಾ ಮೈಸೂರಿನವಳು. ಕಟ್ಟಡದ ಕೆಳಗಿನ ಖಾಲಿ ಹಜಾರ, ವಾಯ್ಡ್ ಡೆಕ್‌ನಲ್ಲಿ ಲಿಫ್ಟಿಗೆ ಕಾಯುತ್ತಾ ನಿಂತಿದ್ದಾಗ ಅವಳು ನಿನ್ನನ್ನು ಕನ್ನಡದಲ್ಲಿ ಗದರಿದ್ದು ಕೇಳಿಸಿ ನಾನೇ ಮಾತಾಡಿಸಿದ್ದೆ. ಅವತ್ತು ಸಂಜೆಯೇ ಅವಳು ಹುಳಿಪುಡಿ ಕೊಟ್ಟು ಕಳಿಸಿದಳು. ಆಮೇಲೆ ನಮ್ಮ ಎರಡು ಮನೆಗೂ ಬೇರೆ ಬೇರೆ ಬೀಗ ಇತ್ತು ಅನ್ನುವುದಷ್ಟೇ.

ನಾನು ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತವಳು. ಆ ಭಾಷೆಯಿಂದಲೇ ನನಗೆ ರಾಫೆಲ್ಸ್ ಪ್ಲೇಸ್‌ನ ಒಂದು ಜಪಾನಿ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದು. ಬಂದ ಪತ್ರಗಳನ್ನು ಇಂಗ್ಲಿಷಿಗೆ ಮಾಡುವುದು, ಮೀಟಿಂಗಿನಲ್ಲಿ ಇಬ್ಬರ ನಡುವೆ ಕೂತು ಮಾತು ದಾಟಿಸುವುದು. ನಾನು ಅದರಲ್ಲಿ ಒಳ್ಳೆಯವಳು ಅಂತ ಹೆಸರಿತ್ತು. ಒಂದು ಪದ ಕೂಡಿಸುವುದಿಲ್ಲ, ಒಂದು ಪದ ಬಿಡುವುದಿಲ್ಲ — ನಮ್ಮ ಮ್ಯಾನೇಜರ್ ಹಾಗೆ ಹೇಳುತ್ತಿದ್ದರು. ಹೆಮ್ಮೆ ಇತ್ತು ನನಗೆ.

ನನ್ನ ಮಗಳು ರಶ್ಮಿ ಮತ್ತು ನೀನು ಒಂದೇ ಶಾಲೆ. ಅವಳು ಸೆಕೆಂಡರಿ ಫೋರ್, ಅಂದರೆ ನಮ್ಮ ಹತ್ತನೇ ಕ್ಲಾಸು; ನೀನು ಸೆಕೆಂಡರಿ ಟೂ. ಶಾಲೆಯಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಇತ್ತು, ರಶ್ಮಿ ಅದರ ಕ್ಯಾಪ್ಟನ್. ಬೇಸ್‌ಬಾಲನ್ನೇ ಸ್ವಲ್ಪ ದೊಡ್ಡ ಚೆಂಡಿನಲ್ಲಿ, ಸ್ವಲ್ಪ ಚಿಕ್ಕ ಮೈದಾನದಲ್ಲಿ ಆಡುವ ಹಾಗೆ ಈ ಆಟ. ಆ ವರ್ಷ ತಂಡಕ್ಕೆ ಹೊಸ ಕೋಚ್ ಬಂದರು — ಸೆಗಾವಾ. ಹೆಸರಿನ ಕೊನೆಗೆ 'ಸಾನ್' ಸೇರಿಸುವುದು ಅವರ ಕಡೆ ಗೌರವ, ನಾವು 'ಅವರು' ಅಂದ ಹಾಗೆ. ಅವರಿಗೆ ಇಂಗ್ಲಿಷ್ ಬರುತ್ತಿದ್ದದ್ದು ಹತ್ತಿಪ್ಪತ್ತು ಪದ. ತಂಡ ನೋಡಿಕೊಳ್ಳುತ್ತಿದ್ದ ಟೀಚರ್ ಮಿಸ್ ಲಿಮ್ ಪೇರೆಂಟ್ಸ್ ಮೀಟಿಂಗಿನಲ್ಲಿ, "ಇಲ್ಲಿ ಯಾರಿಗಾದರೂ ಜಪಾನಿ ಬರುತ್ತಾ?" ಅಂತ ಕೇಳಿದಾಗ ನಾನು ಕೈ ಎತ್ತಿದೆ. ಶನಿವಾರ ನನಗೆ ಅರ್ಧ ದಿನ ರಜೆ. ಮಧ್ಯಾಹ್ನದ ಪ್ರಾಕ್ಟೀಸಿಗೆ ಛತ್ರಿ ಹಿಡಿದು ಬಂದು ಅವರ ಪಕ್ಕ ನಿಲ್ಲುತ್ತಿದ್ದೆ.

ಅವರು ಹನ್ನೊಂದು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿದವರು ಎಂದು ನಿಮಗೆಲ್ಲ ಗೊತ್ತಿತ್ತು. ಆದರೆ ಅವರು ಯಾವ ದೊಡ್ಡ ಹೆಸರೂ ಆಗಿರಲಿಲ್ಲ ಎಂದು ನನಗಷ್ಟೇ ಹೇಳಿದ್ದರು. ಹನ್ನೊಂದರಲ್ಲಿ ಏಳು ವರ್ಷ ಕೆಳಗಿನ ತಂಡದಲ್ಲಿ, ಬಸ್ಸಿನಲ್ಲಿ ಊರೂರು ಸುತ್ತಿಕೊಂಡು. ನಾಲ್ಕು ವರ್ಷ ಮೇಲಿನ ತಂಡದಲ್ಲಿ. ಕುಳ್ಳ ಮನುಷ್ಯ, ಬ್ಯಾಟ್ ಹಿಡಿದರೆ ಅಷ್ಟಕ್ಕಷ್ಟೆ. ಅವರನ್ನು ಇಟ್ಟುಕೊಂಡಿದ್ದದ್ದು ಕೈಗಳಿಗಾಗಿ. ನೆಲ ತಬ್ಬಿಕೊಂಡು ಬರುವ ಚೆಂಡನ್ನು ಅವರು ಎತ್ತುವುದನ್ನು ನೀನು ನೋಡಿದ್ದೀಯ — ನಲವತ್ತೇಳರ ವಯಸ್ಸಿನಲ್ಲೂ, ಬಿದ್ದ ಮಗುವನ್ನು ಎತ್ತಿಕೊಂಡ ಹಾಗೆ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅವರ ಜಾಗ. ಅದೇ ಜಾಗಕ್ಕೆ ನಿನ್ನನ್ನು ಹಾಕಿದರು, ದೊಡ್ಡ ಹುಡುಗಿಯರ ತಂಡದಲ್ಲಿ, ಎರಡು ವರ್ಷ ಚಿಕ್ಕವಳಾದ ನಿನ್ನನ್ನು. ರಬ್ಬರ್ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಗೈಗೆ ಕಟ್ಟಿಸಿ, ಗ್ಲೌಸ್ ಇಲ್ಲದೆ ಎರಡೂ ಕೈಯಲ್ಲಿ ಚೆಂಡು ಹಿಡಿಯುವುದನ್ನು ಕಲಿಸಿದರು. ಬೇರೆ ಹುಡುಗಿಯರು ನಕ್ಕರು. ನೀನು ನಗಲಿಲ್ಲ.

ಅವರ ಆಟ ಮುಗಿದದ್ದು ಹೇಗೆ ಎಂದೂ ಹೇಳಿದ್ದರು. ಮೂವತ್ತನೇ ವಯಸ್ಸಿನಲ್ಲಿ ಭುಜ ನೋಯುತ್ತಿತ್ತಂತೆ. ಬೆಂಚಿನ ಮೇಲೆ ಹತ್ತೊಂಬತ್ತರ ಹುಡುಗನೊಬ್ಬ ಅದೇ ಜಾಗಕ್ಕೆ ಕಾಯುತ್ತಿದ್ದ. ಹೇಳಿದರೆ ಜಾಗ ಹೋಗುತ್ತದೆ ಎಂದು ಇವರು ನೋವನ್ನು ಇಡೀ ಸೀಸನ್ ಮುಚ್ಚಿಟ್ಟರು. ಸೀಸನ್ ಮುಗಿಯುವ ಹೊತ್ತಿಗೆ ಕೈ ತಲೆಗಿಂತ ಮೇಲೆ ಏಳುತ್ತಿರಲಿಲ್ಲ. ಆಮೇಲೆ ಒಂದು ಕಂಪನಿಯಲ್ಲಿ ನೌಕರಿ, ಆ ಕಂಪನಿಯ ತಂಡಕ್ಕೆ ಕೋಚ್, ಅಲ್ಲಿಂದ ಸಿಂಗಾಪುರದ ಗೋದಾಮಿನ ಮೇಲ್ವಿಚಾರಣೆಗೆ ವರ್ಗ. ಅದಕ್ಕೇ ಮೊದಲ ದಿನವೇ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರು ಒಂದೇ ನಿಯಮ ಹೇಳಿದ್ದು. ನಾನೇ ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಪದ ಕೂಡಿಸದೆ, ಬಿಡದೆ: "ನೋವಿದ್ದರೆ ಹೇಳಿ. ನೋವು ಹೇಳಿದವರ ಜಾಗ ನನ್ನ ತಂಡದಲ್ಲಿ ಹೋಗುವುದಿಲ್ಲ."

ಇಷ್ಟು ಗೊತ್ತಿದ್ದೂ ನಾನು…

ರಶ್ಮಿಯ ವಿಷಯ ಹೇಳಬೇಕು. ನೆಪಕ್ಕಾಗಿ ಅಲ್ಲ — ನನ್ನ ತಲೆಯಲ್ಲಿ ಏನಿತ್ತು ಎಂದು ನಿನಗೆ ಗೊತ್ತಾಗಲಿ ಎಂದು. ಅವಳಿಗೆ ಒಂದು ಜೂನಿಯರ್ ಕಾಲೇಜಿನ ಮೇಲೆ ಆಸೆ ಇತ್ತು. ಅಥವಾ ನನಗೆ ಇತ್ತು. ಓದಿನಲ್ಲಿ ಅವಳು ಆ ಅಂಚಿನಲ್ಲೇ ತೂಗುತ್ತಿದ್ದಳು. ಆಟದಲ್ಲಿ ಶಾಲೆಗೆ ಚಾಂಪಿಯನ್‌ಶಿಪ್ ತಂದುಕೊಟ್ಟ ತಂಡದ ಕ್ಯಾಪ್ಟನ್ ಆದರೆ ಅಡ್ಮಿಷನ್ನಿಗೆ ಪಾಯಿಂಟ್ ಸಿಗುತ್ತಿತ್ತು, ಆಗ ಅಂಚು ದಾಟಬಹುದಿತ್ತು. ಆ ಲೆಕ್ಕವನ್ನು ನಾನು ದಿನಾ ಕೆಲಸಕ್ಕೆ ಹೋಗುವ ರೈಲು ಎಂಆರ್‌ಟಿಯಲ್ಲಿ, ಪಾಸಿರ್ ರಿಸ್‌ನಿಂದ ರಾಫೆಲ್ಸ್ ಪ್ಲೇಸ್‌ವರೆಗೆ, ಮನಸ್ಸಿನಲ್ಲೇ ಹಾಕುತ್ತಿದ್ದೆ. ತಂಡ ಸೆಮಿಫೈನಲ್ ಗೆದ್ದದ್ದು ನಿನ್ನಿಂದ. ನೀನಿಲ್ಲದೆ ಫೈನಲ್ ಗೆಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು, ಆಟದ ಅ ಆ ಗೊತ್ತಿಲ್ಲದಿದ್ದರೂ.

ಫೈನಲ್ ವಾರದ ನಡುವೆ ಬಂತು. ನಾನು ರಜೆ ಹಾಕಿ ಬಂದೆ. ಮೂರು ಗಂಟೆಯ ಬಿಸಿಲು, ಕೆಂಪು ಮಣ್ಣಿಗೆ ಆಗಷ್ಟೇ ನೀರು ಹಾಕಿದ್ದರು. ಹುಡುಗಿಯರು ಇಬ್ಬಿಬ್ಬರಾಗಿ ಚೆಂಡು ಎಸೆದುಕೊಂಡು ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ನೀನು ಎಸೆಯುವುದನ್ನು ನಿಲ್ಲಿಸಿ ಕಿರುಬೆರಳನ್ನು ಚಡ್ಡಿಗೆ ಉಜ್ಜುತ್ತಿದ್ದೆ. ನಾನು ನೋಡಿರಲಿಲ್ಲ. ಅವರು ನೋಡಿದರು. ನಿನ್ನನ್ನು ಮೆಟ್ಟಿಲ ಹತ್ತಿರ ಕರೆದರು, "ಪೇನ್?" ಅಂದರು. ನೀನು, "ಓಕೆ, ಕೋಚ್," ಅಂದೆ.

ಅವರು ನನ್ನ ಕಡೆ ತಿರುಗಿದರು. ಅವರ ಬಾಯಲ್ಲಿ ನಿನ್ನ ಹೆಸರು 'ಅಶುವಿನಿ'. ಅವರು ಅಂದದ್ದನ್ನು ಈಗ ಪೂರ್ತಿ ಹೇಳುತ್ತೇನೆ, ಆಗ ಹೇಳಬೇಕಾಗಿದ್ದ ಹಾಗೆ:

"ನಾನು ಕೇಳಿದರೆ ಇವಳು ಓಕೆ ಅಂತಾಳೆ. ನೀವು ನಿಮ್ಮ ಭಾಷೆಯಲ್ಲಿ ಕೇಳಿ, ನಿಜ ಹೇಳ್ತಾಳೆ. ಮೊಣಕೈ ನೋಯುತ್ತಾ, ಬೆರಳು ಜೋಮು ಹಿಡಿಯುತ್ತಾ, ಯಾವತ್ತಿನಿಂದ — ಎಲ್ಲ ಕೇಳಿ. ನೋವಿದ್ದರೆ ಇವತ್ತು ಬೆಂಚಿನಲ್ಲಿರುವ ಸಿತಿ ಆಡ್ತಾಳೆ. ಜಾಗ ಅಶುವಿನಿಯದೇ. ಅದನ್ನು ಮೊದಲು ಹೇಳಿ, ಆಮೇಲೆ ಕೇಳಿ."

ನಾನು ಮೊದಲಿನದನ್ನು ಹೇಳಲಿಲ್ಲ. ಬರೀ ಕೇಳಿದೆ: "ಕೈ ನೋಯ್ತಿದೆಯಾ ಪುಟ್ಟಾ?"

ಇಂಗ್ಲಿಷಿನಲ್ಲಿ ಓಕೆ ಅಂದಿದ್ದ ನಿನ್ನ ಕಣ್ಣಲ್ಲಿ ಕನ್ನಡ ಕೇಳಿದ ಕೂಡಲೇ ನೀರು ಬಂತು. "ನೋಯ್ತಿದೆ ಆಂಟಿ. ಹೋದ ವಾರದಿಂದ. ಈ ಎರಡು ಬೆರಳು ನಂದೇ ಅಲ್ಲ ಅನ್ನೋ ಥರ ಆಗಿದೆ. ಆಡ್ಲಾ ಬೇಡ್ವಾ ಅಂತ ಕೋಚ್‌ನ ಕೇಳಿ."

ಆಮೇಲಿನದನ್ನು ಎಷ್ಟೋ ಸಲ ನಿಧಾನ ಮಾಡಿಕೊಂಡು ನೋಡಿದ್ದೇನೆ. ಯೋಚಿಸಿ ಮಾಡಿದೆನಾ? ಯೋಚಿಸಲು ಹೊತ್ತೇ ಇರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಅವರ ಭುಜದಾಚೆ ರಶ್ಮಿ ಕಾಣುತ್ತಿದ್ದಳು, ಮೊದಲ ಬೇಸಿನ ಹತ್ತಿರ, ಕೂದಲನ್ನು ಎತ್ತಿ ಕಟ್ಟಿಕೊಳ್ಳುತ್ತಾ. ಅವಳನ್ನು ನೋಡಿದೆ. ನೋಡಿಯೇ ಅವರಿಗೆ ಹೇಳಿದೆ:

"ಸ್ವಲ್ಪ ಬಿಗಿದ ಹಾಗಿದೆಯಂತೆ. ನೋವಿಲ್ಲವಂತೆ. ಆಡ್ತೀನಿ ಅಂತಾಳೆ."

"ನಿಜವಾಗಿಯೂ?" ಅಂದರು ಅವರು.

"ಹೌದು," ಅಂದೆ.

ಅವರು ನಿನ್ನ ಮೊಣಕೈ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಹುಡುಗಿಯರನ್ನು ಮುಟ್ಟುವಂತಿಲ್ಲ ಎಂದು ಮಿಸ್ ಲಿಮ್ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಮಿಸ್ ಲಿಮ್ ಅವರೇ ಆ ಕಡೆಯಿಂದ ಆಡುವವರ ಪಟ್ಟಿ ಕೊಡಿ ಎಂದು ಕೂಗಿದರು. ಸೆಗಾವಾ ಸಾನ್ ನಿನ್ನ ಮುಖವನ್ನು ಇನ್ನೊಮ್ಮೆ ನೋಡಿದರು. "ಅತ್ತಿರುವ ಹಾಗಿದೆಯಲ್ಲ," ಅಂದರು ನನಗೆ. "ಹೆದರಿದ್ದಾಳೆ, ಫೈನಲ್ ಅಲ್ಲವಾ," ಅಂದೆ ನಾನು. ಅವರು ತಲೆಯಾಡಿಸಿ, "ಹಾಗಾದರೆ ಅವಳೇ ಆಡಲಿ," ಎಂದು ಪಟ್ಟಿ ತೆಗೆದುಕೊಂಡು ಹೋದರು.

ನೀನು ನನ್ನ ಮುಖ ನೋಡುತ್ತಾ ನಿಂತಿದ್ದೆ. ಆಗ ಆ ಮಾತು ಹೇಳಿದೆ. ಒಂದೇ ಮ್ಯಾಚ್. ಆಡಿಬಿಡು.

ನೀನು ಆಡಿದೆ. ಕೊನೆಯ ಇನ್ನಿಂಗ್ಸ್‌ನಲ್ಲಿ ನಾವು ಒಂದು ರನ್ ಮುಂದೆ, ಅವರದು ಇಬ್ಬರು ಔಟ್, ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು, ಮೂರನೇ ಬೇಸಿನಲ್ಲಿ ಒಬ್ಬಳು ಓಡಲು ಕಾದಿದ್ದಾಳೆ. ಚೆಂಡು ನಿನ್ನ ಎಡಗಡೆ ನೆಲ ಕಚ್ಚಿಕೊಂಡು ಬಂತು. ನೀನು ಹೇಗೆ ತಲುಪಿದೆಯೋ — ಎರಡೂ ಕೈಯಲ್ಲಿ ಎತ್ತಿ, ತಿರುಗಿ, ಮೊದಲ ಬೇಸಿಗೆ ಎಸೆದೆ. ರಶ್ಮಿ ಕಾಲು ಚಾಚಿ ಹಿಡಿದಳು. ಅಂಪೈರ್ ಔಟ್ ಎಂದು ಕೈ ಎತ್ತಿದರು. ಗೆದ್ದೆವು.

ಎಲ್ಲರೂ ರಶ್ಮಿಯ ಕಡೆ ಓಡಿದರು. ನಾನೂ ಓಡಿದೆ, ಅಶ್ವಿನಿ. ಅವಳನ್ನು ತಬ್ಬಿಕೊಂಡ ಮೇಲೆ ತಿರುಗಿ ನೋಡಿದರೆ, ನೀನು ಮಣ್ಣಿನ ಮೇಲೆ ಮಂಡಿಯೂರಿ ಮೊಣಕೈ ಹಿಡಿದುಕೊಂಡಿದ್ದೆ. ಕೂಗುತ್ತಲೂ ಇರಲಿಲ್ಲ. ಮೈದಾನದಲ್ಲಿ ನಿನ್ನ ಕಡೆ ಓಡಿದವರು ಒಬ್ಬರೇ. ಅವರ ಟೋಪಿ ದಾರಿಯಲ್ಲೇ ಬಿದ್ದುಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದರು — ಎಲುಬಿನ ಒಂದು ಚೂರು ಕಿತ್ತು ಬಂದಿದೆ, ಬೆಳೆಯುವ ವಯಸ್ಸಿನ ಮೂಳೆ, ಕೆಲವು ದಿನಗಳಿಂದಲೇ ಬಿರುಕು ಬಿಟ್ಟಿದ್ದಿರಬೇಕು, ಆಡಿಸಲೇಬಾರದಿತ್ತು. ಸ್ಕ್ರೂ ಹಾಕಿದರು. ಕೆಲವು ತಿಂಗಳ ಮೇಲೆ ಇನ್ನೊಂದು ಆಪರೇಷನ್. ನಿನ್ನ ಬಲಗೈ ಪೂರ್ತಿ ನೇರವಾಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದ ದಿನದ ಬಗ್ಗೆ ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನೀನು ಇನ್ನೂ ಆಸ್ಪತ್ರೆಯಲ್ಲಿದ್ದೆ. ಪ್ರಿನ್ಸಿಪಾಲ್, ಮಿಸ್ ಲಿಮ್, ನಿನ್ನ ಅಪ್ಪ ಅಮ್ಮ, ಸೆಗಾವಾ ಸಾನ್, ಅವರ ಪಕ್ಕದ ಕುರ್ಚಿಯಲ್ಲಿ ನಾನು. ನನ್ನನ್ನು ಕರೆದದ್ದು ಮಾತು ದಾಟಿಸಲು. ಯಾರಿಗೂ ನನ್ನ ಮೇಲೆ ಒಂದು ಎಳೆ ಅನುಮಾನವೂ ಇರಲಿಲ್ಲ.

ನೀನು ಎಡಗೈಯಲ್ಲಿ ಬರೆದುಕೊಟ್ಟಿದ್ದ ಹೇಳಿಕೆ ಪ್ರಿನ್ಸಿಪಾಲರ ಮುಂದಿತ್ತು. ಒಂದು ಪ್ರತಿ ಸೆಗಾವಾ ಸಾನ್ ಮುಂದೆಯೂ ಇಟ್ಟರು. ಪ್ರಿನ್ಸಿಪಾಲ್ ಓದಿದರು: "ನೋವಿದೆ, ಬೆರಳು ಜೋಮು ಹಿಡಿದಿದೆ ಅಂತ ಕೋಚ್‌ಗೆ ಹೇಳಿದೆ. ಕೋಚ್, ಒಂದೇ ಮ್ಯಾಚ್, ಆಡು, ಆಮೇಲೆ ರೆಸ್ಟ್ ತಗೋ ಅಂದರು." ನನ್ನ ಕಡೆ ನೋಡಿದರು, ಹೇಳಿ ಅಂತ.

ಹೇಳಿದೆ. ಬೇರೆ ದಾರಿ ಇರಲಿಲ್ಲ, ಕಾಗದ ಸೆಗಾವಾ ಸಾನ್ ಕಣ್ಣ ಮುಂದಿತ್ತು, ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದರು. ಆ ವಿಷಯದಲ್ಲಿ ನಾನು ಮಾಡಿದ ಒಂದೇ ನಿಜವಾದ ಅನುವಾದ ಅದು.

ಅವರ ಬೆರಳು ನಿಂತಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೊದಲು ಅರ್ಥವಾಗದೆ ನೋಡಿದರು — ಆಮೇಲೆ ಅರ್ಥವಾಯಿತು. ಅರ್ಥವಾದದ್ದನ್ನು ನಾನು ನೋಡಿದೆ. ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ನಾವಿಬ್ಬರೇ. ಅವರು ಕಾದರು. ನಾನು ಹೇಳಲಿ ಎಂದು ಕಾದರು. ಗೋಡೆಯ ಮೇಲೆ ಏರ್‌ಕಾನ್ ಸದ್ದು ಮಾಡುತ್ತಿತ್ತು. ಗೀತಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ನನ್ನ ಕೈಚೀಲದ ಹಿಡಿಯನ್ನು ನೋಡುತ್ತಾ ಕೂತೆ.

"ನಿಮ್ಮ ಉತ್ತರ ಏನು?" ಎಂದು ಪ್ರಿನ್ಸಿಪಾಲ್ ಕೇಳಿದರು. ನಾನು ಅದನ್ನು ದಾಟಿಸಲು ಬಾಯಿ ತೆಗೆಯುವ ಮೊದಲೇ ಅವರು ಎದ್ದು ನಿಂತು, ತಮ್ಮದೇ ಇಂಗ್ಲಿಷಿನಲ್ಲಿ ಹೇಳಿದರು: "ಮೈ ಮಿಸ್ಟೇಕ್. ಐ ಆಮ್ ಕೋಚ್. ಮೈ ಮಿಸ್ಟೇಕ್." ನಿನ್ನ ಅಪ್ಪ ಅಮ್ಮನ ಕಡೆ ತಿರುಗಿ ಸೊಂಟದಿಂದ ಬಗ್ಗಿ ನಮಸ್ಕರಿಸಿದರು, ತುಂಬಾ ಹೊತ್ತು ಏಳಲೇ ಇಲ್ಲ.

ನನ್ನನ್ನು ಇನ್ನೊಂದು ಸುಳ್ಳಿನಿಂದ ಉಳಿಸಲು ಹಾಗೆ ಮಾಡಿದರೋ, ನನ್ನ ಬಾಯಿಯ ಮೇಲೆ ನಂಬಿಕೆ ಹೋಗಿ ಹಾಗೆ ಮಾಡಿದರೋ — ಇವತ್ತಿಗೂ ಗೊತ್ತಿಲ್ಲ. ನಾನು ಸುಮ್ಮನಿದ್ದೆ ಅನ್ನುವುದು ಗೊತ್ತು. ಮೈದಾನದಲ್ಲಿ ಮಾಡಿದ್ದು ಒಂದು ನಿಮಿಷದ ಕೆಲಸ. ಇದು ಹಾಗಲ್ಲ. ಇಲ್ಲಿ ನನಗೆ ಹೊತ್ತಿತ್ತು.

ಅವರನ್ನು ತೆಗೆದುಹಾಕಿದರು. ಹೊರಗೆ ಬಂದ ಮೇಲೆ ಗೀತಾ ನನ್ನ ಕೈ ಹಿಡಿದುಕೊಂಡು, "ನೀನಿಲ್ದೆ ಇದ್ದಿದ್ರೆ ನಮಗೆ ಏನೂ ಗೊತ್ತಾಗ್ತಾನೇ ಇರ್ಲಿಲ್ಲ ವಸುಧಾ," ಅಂದಳು. ಬ್ಲಾಕಿನ ಕೆಳಗೆ ಊಟ-ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಆ ವಾರವೆಲ್ಲ ಇದೇ ಮಾತು. ಮೊದಲನೇ ಮಹಡಿಯ ವಯಸ್ಸಾದ ಚೀನೀ ಆಂಟಿ, ಯುದ್ಧದ ಕಾಲದಲ್ಲಿ ಜಪಾನಿ ಸೈನಿಕರ ಕೈಯಲ್ಲಿ ಅಣ್ಣನನ್ನು ಕಳೆದುಕೊಂಡವರು, ನನ್ನ ಟೇಬಲಿಗೆ ಬಂದು ಕೂತು, ಸಿಂಗಾಪುರದವರ ಆ 'ಲಾ' ಸೇರಿಸಿ, "ಜಪಾನೀಸ್ ಲಾ, ಅವರಿಗೆ ಮಕ್ಕಳೂ ಸೋಲ್ಜರೇ," ಅಂದರು. ಅವರ ದುಃಖಕ್ಕೆ ಕಾರಣ ಇತ್ತು. ನನಗೆ ಏನಿತ್ತು? ನಾನು ತಲೆಯಾಡಿಸಿದೆ. ನನ್ನ ಮುಂದಿದ್ದ ಕಾಫಿ ಮುಗಿಯುವವರೆಗೂ ತಲೆಯಾಡಿಸಿದೆ.

ಸುದ್ದಿ ಅವರ ಕಂಪನಿಗೂ ಹೋಯಿತು. ಊರಿಗೆ ವಾಪಸ್ ಕರೆಸಿಕೊಂಡರು. ಹೊರಡುವ ಮುಂಚೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವರು ನನ್ನ ಬ್ಯಾಂಕಿನ ಕೆಳಗೆ ನಿಂತಿದ್ದರು. ಟೈ ಕಟ್ಟಿದ ಜನರ ನಡುವೆ ಅದೇ ಮೈದಾನದ ಜಾಕೆಟ್. ನದಿಯ ಕಡೆ ನಡೆದು ಒಂದು ಬೆಂಚಿನ ಮೇಲೆ ಕೂತೆವು. ನಾನು ಅಳಲು ಶುರು ಮಾಡಿದೆ, ಕ್ಷಮಿಸಿ ಅಂದೆ, ಮಗಳು, ಕಾಲೇಜು, ಪಾಯಿಂಟ್ — ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ನನಗೆ ಹೇಳಬೇಡಿ," ಅಂದರು ಆಮೇಲೆ. "ಆ ಹುಡುಗಿಗೆ ಹೇಳಿ. ಅವಳು ನೋವು ಹೇಳಿದಳು. ನಾನು ಕೇಳಿಸಿಕೊಂಡೂ ಆಡಿಸಿದೆ ಅಂತ ತಿಳಿದುಕೊಂಡಿದ್ದಾಳೆ. ಹಾಗೆ ತಿಳಿದುಕೊಂಡು ಅವಳು ದೊಡ್ಡವಳಾಗಬಾರದು. ಶಾಲೆಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅವಳಿಗೆ ಮಾತ್ರ ಹೇಳಿ."

"ಹೇಳ್ತೀನಿ," ಅಂದೆ.

ಹೇಳಲಿಲ್ಲ. ಮೊದಲು ನಿನ್ನ ಆಪರೇಷನ್ ಮುಗಿಯಲಿ ಅಂದುಕೊಂಡೆ. ಆಮೇಲೆ ರಶ್ಮಿಯ ಅಡ್ಮಿಷನ್ ಆಗಲಿ ಅಂದುಕೊಂಡೆ. ಆಯಿತು — ಆ ಪಾಯಿಂಟ್‌ಗಳಿಂದಲೇ ಆಯಿತು. ಆಮೇಲೆ ನೀನು ನಗಲು ಶುರು ಮಾಡಿದ್ದೆ, ಮತ್ತೆ ಯಾಕೆ ಕೆದಕಬೇಕು ಅಂದುಕೊಂಡೆ. ನೀನು ಆಟ ಬಿಟ್ಟೆ. ಶಾಲೆಯ ಮುಂದೆ ಸಾಫ್ಟ್‌ಬಾಲ್ ನಡೆಯುತ್ತಿದ್ದರೆ ರಸ್ತೆಯ ಆ ಬದಿಗೆ ದಾಟಿ ಹೋಗುತ್ತೀಯ ಎಂದು ಗೀತಾ ಹೇಳಿದಳು. ನಾನು ಅವಳಿಗೆ ಸಮಾಧಾನ ಹೇಳಿದೆ!

ಸೆಗಾವಾ ಸಾನ್ ಪ್ರತಿ ಹೊಸ ವರ್ಷಕ್ಕೆ ನನಗೆ ಒಂದು ಕಾರ್ಡ್ ಕಳಿಸುತ್ತಿದ್ದರು. ಅದರಲ್ಲಿ ಇರುತ್ತಿದ್ದದ್ದು ಒಂದೇ ಸಾಲು: "ಅಶುವಿನಿಯ ಕೈ ಹೇಗಿದೆ?" ಹೇಳಿದಿರಾ ಎಂದು ಯಾವತ್ತೂ ಕೇಳಲಿಲ್ಲ. ಮೊದಲ ವರ್ಷ ನಾನು "ಚೆನ್ನಾಗಿದೆ" ಎಂದು ಬರೆದೆ. ಅದೂ ಸುಳ್ಳೇ. ಮುಂದಿನ ವರ್ಷಗಳಲ್ಲಿ ಬರೀ ಶುಭಾಶಯ ಬರೆದು ಕಳಿಸುತ್ತಿದ್ದೆ. ಎರಡು ವರ್ಷದ ಹಿಂದೆ ಕಾರ್ಡಿನ ಬದಲು ಅವರ ಹೆಂಡತಿಯ ಪತ್ರ ಬಂತು. ಅವರು ತೀರಿಕೊಂಡಿದ್ದರು. ಊರಿಗೆ ಹೋದ ಮೇಲೆ ಹುಡುಗಿಯರ ತಂಡವೊಂದು ಕೋಚ್ ಆಗಿ ಎಂದು ಎರಡು ಸಲ ಕರೆದಿತ್ತಂತೆ. "ಕೇಳಿದರೆ ಸಾಲದು, ನಾನು ನೋಡಬೇಕಿತ್ತು," ಎಂದು ಹೇಳಿ ಒಪ್ಪಲಿಲ್ಲವಂತೆ. ಮತ್ತೆ ಯಾವತ್ತೂ ಮೈದಾನಕ್ಕೆ ಇಳಿಯಲಿಲ್ಲವಂತೆ. ಆ ಮಾತಿನ ಅರ್ಥ ತನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ತಿಳಿಸಿ ಎಂದು ಅವರ ಹೆಂಡತಿ ಕೇಳಿದ್ದರು. ಆ ಪತ್ರಕ್ಕೂ ನಾನು ಉತ್ತರ ಬರೆಯಲಿಲ್ಲ. ನೋಡು, ಸತ್ತವರ ಹೆಂಡತಿಗೂ…

ಹೋದ ದೀಪಾವಳಿಗೆ ನೀವೆಲ್ಲ ನಮ್ಮ ಮನೆಗೆ ಬಂದಿದ್ದಿರಿ. ನಿನ್ನ ಮಗಳು ತನ್ವಿ ಶಾಲೆಯಿಂದ ತಂದ ಫಾರ್ಮ್ ಹಿಡಿದು ನಿನ್ನ ಹಿಂದೆ ಹಿಂದೆ ಸುತ್ತುತ್ತಿದ್ದಳು. "ಮಮ್ಮಿ, ಸಾಫ್ಟ್‌ಬಾಲ್ ಲಾ, ಸೈನ್ ಮಾಡು ಲಾ, ಎಲ್ಲ ಫ್ರೆಂಡ್ಸೂ ಜಾಯಿನ್ ಆಗ್ತಿದ್ದಾರೆ."

ನೀನು ಚಕ್ಕುಲಿ ಮುರಿಯುತ್ತಾ ನಗುನಗುತ್ತಲೇ ಅಂದೆ: "ಅದೊಂದು ಬೇಡ. ಕೋಚ್‌ಗಳಿಗೆ ನೋವು ಅಂತ ಎಷ್ಟು ಬಾಯ್ಬಿಟ್ಟು ಹೇಳಿದ್ರೂ ಕೇಳ್ಸಲ್ಲ. ನಾನು ಹೇಳಿದ್ದೆ, ಕೇಳಿದ್ರಾ?" ಎಂದು ನಿನ್ನ ಬಾಗಿದ ಕೈಯನ್ನು ಅವಳ ಮುಂದೆ ಚಾಚಿ ತೋರಿಸಿದೆ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವಾ ಆಂಟಿ? ನೀವೇ ಇದ್ರಲ್ಲ ಅವತ್ತು," ಅಂದೆ.

ನೀನು ನನ್ನನ್ನು ಸಾಕ್ಷಿಗೆ ಕರೆದೆ. ಪಾಯಸದ ಸೌಟು ಹಿಡಿದು ನಿಂತಿದ್ದ ನಾನು ಆ ಸಲವೂ — ಹೂಂ ಅಂದೆ.

ತನ್ವಿ ಫಾರ್ಮನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಳು. ಅವಳು ಹಟ ಮಾಡಲಿಲ್ಲ. ಎಂಟು ವರ್ಷದ ಮಗು ಅಷ್ಟು ಸುಲಭವಾಗಿ ನಂಬಿಬಿಟ್ಟಿತು: ನೋವಾದರೆ ಹೇಳಿ ಉಪಯೋಗವಿಲ್ಲ, ದೊಡ್ಡವರು ಕೇಳುವುದಿಲ್ಲ. ಸೆಗಾವಾ ಸಾನ್ ಯಾವುದಕ್ಕೆ ಹೆದರಿದ್ದರೋ ಅದು ನಿನ್ನಲ್ಲಿ ನಿಲ್ಲದೆ ಇನ್ನೊಂದು ತಲೆಗೆ ದಾಟುತ್ತಿತ್ತು. ದಾಟಿಸುತ್ತಿದ್ದವಳು ನಾನೇ.

ಮೊದಲು ರಶ್ಮಿಗೆ ಹೇಳಿದೆ. ಅವಳ ಮನೆಗೆ ಹೋಗಿ, ಅವಳ ಗಂಡ ಮಕ್ಕಳನ್ನು ಹೊರಗೆ ಕಳಿಸಿ ಹೇಳಿದೆ.

"ಆ ಬಾಲ್ ಹಿಡಿದಿದ್ದು ನಾನು ಅಮ್ಮ," ಅಂದಳು. "ನಮ್ಮ ಮನೇಲಿ ಆ ಫೋಟೋ ಇದೆ. ನನ್ ಮಕ್ಕಳಿಗೆ ತೋರಿಸಿದೀನಿ."

"ನಿನಗೋಸ್ಕರ—" ಅಂತ ಶುರು ಮಾಡಿದೆ.

"ನನಗೆ ಪಾಯಿಂಟ್ ಬೇಕಾ ಅಂತ ನೀನು ಒಂದ್ಸಲ ಕೇಳಿದ್ಯಾ? ಅವಳನ್ನಾದ್ರೂ ಕೇಳಿದೆ, ಉತ್ತರ ಬದಲಾಯಿಸಿದೆ. ನನ್ನನ್ನ ಕೇಳಲೇ ಇಲ್ಲ." ಎದ್ದು ಬಾಗಿಲು ತೆಗೆದು ನಿಂತಳು. "ಅಶ್ವಿನಿಗೆ ಹೇಳೋ ತನಕ ನಂಗೆ ಫೋನ್ ಮಾಡ್ಬೇಡ."

ಅವಳಿಗಾಗಿ ಮಾಡಿದೆ ಎಂದು ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದ ಒಂದೇ ನೆಪ ಅವತ್ತು ಹೋಯಿತು. ಒಳ್ಳೆಯದೇ ಆಯಿತು. ಈ ಕಾಗದದಲ್ಲಿ ಎಲ್ಲಾದರೂ ನಾನು ನೆಪ ಹೇಳಿದ ಹಾಗೆ ಕೇಳಿಸಿದರೆ ಅದನ್ನು ನಂಬಬೇಡ. ನೀನು ನನ್ನನ್ನು ನಂಬಿ ನಿಜ ಹೇಳಿದೆ, ಅವರು ನನ್ನನ್ನು ನಂಬಿ ಕೇಳಿದರು, ನಾನು ನಿಮ್ಮಿಬ್ಬರನ್ನೂ ಮಾರಿದೆ. ಆಮೇಲೆ ನಿನ್ನ ಮನೆಯ ಊಟ ಮಾಡಿದೆ, ನಿನ್ನ ಮದುವೆಯಲ್ಲಿ ಆರತಿ ಎತ್ತಿದೆ.

ನಿನಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ಆದರೂ ಕನ್ನಡದಲ್ಲೇ ಬರೆದೆ — ನಾನು ಸುಳ್ಳು ಹೇಳಿದ್ದು ಇದರಲ್ಲಿ. ಭಾನುವಾರ ಬೆಳಿಗ್ಗೆ ಪುಂಗೋಲ್‌ಗೆ, ನಿನ್ನ ಮನೆಗೆ ಬರುತ್ತೇನೆ. ಗೀತಾ ಅಲ್ಲಿಯೇ ಇರುತ್ತಾಳೆ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಯಾಕೆ ಎಂದು ಅವಳಿಗೆ ಹೇಳಿಲ್ಲ, ಹಬ್ಬದ ಸಾಮಾನು ತರುತ್ತೇನೆ ಎಂದುಕೊಂಡಿದ್ದಾಳೆ. ನಿಮ್ಮಿಬ್ಬರ ಎದುರು ಕೂತು ಇದನ್ನು ನಾನೇ ಓದುತ್ತೇನೆ. ನಡುವೆ ನಿಲ್ಲಿಸು ಅಂದರೆ ನಿಲ್ಲಿ­ಸುತ್ತೇನೆ, ಹೊರಡು ಅಂದರೆ ಹೊರಡುತ್ತೇನೆ. ಕಾಗದವನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದಕ್ಕೂ ನೀನೇ ಏನಾದರೂ ಉತ್ತರ ಕೊಡಬೇಕಾಗುತ್ತದೆ, ಅಷ್ಟು ಕೆಲಸವನ್ನೂ ನಿನಗೆ ಹಚ್ಚಲಾರೆ.

ಇದನ್ನೇ ಇಂಗ್ಲಿಷಿನಲ್ಲಿ ಬರೆದು, ಈಗ ರಿಟೈರ್ ಆಗಿರುವ ಮಿಸ್ ಲಿಮ್‌ಗೂ ಶಾಲೆಗೂ ಕಳಿಸಿದ್ದೇನೆ. ಜಪಾನಿಯಲ್ಲಿ ಬರೆದು ಸೆಗಾವಾ ಸಾನ್ ಅವರ ಹೆಂಡತಿಗೆ ಕಳಿಸಿದ್ದೇನೆ. ಅಂಚೆಗೆ ಹಾಕುವ ಮುಂಚೆ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಸಾಲಿಗೆ ಸಾಲು ಬೆರಳಿಟ್ಟು, ಒಂದು ಪದ ಕೂಡಿಸಿಲ್ಲ, ಒಂದು ಪದ ಬಿಟ್ಟಿಲ್ಲ ಎಂದು ಖಾತರಿಯಾಗುವವರೆಗೂ ಓದಿದೆ.